ಫ್ಯಾಕ್ಟರಿಯಲ್ಲಿ ಫೈರ್ ಸೇಫ್ಟಿ ಕಲಿಸಲು ನಮ್ಮವರನ್ನೇ ಹೇಗೆ ತಯಾರು ಮಾಡಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಯ) ಸೇಫ್ಟಿ ನೋಡಿಕೊಳ್ಳುತ್ತೇನೆ, ನಮ್ಮ ಕೆಲಸಗಾರರಲ್ಲೇ ನಾಲ್ಕೈದು ಜನರನ್ನು ಫೈರ್ ಟ್ರೇನರ್ ಮಾಡಬೇಕು, ಹೊರಗೆ ಕಳಿಸಿ ಸರ್ಟಿಫಿಕೇಟ್ ಕೋರ್ಸ್ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗಳಲ್ಲಿ ನಾನು ಮಾಡುವುದು ಇದೇ ಕೆಲಸ, ಕಲಿಸುವವರಿಗೆ ಕಲಿಸುವುದು. ನೇರವಾಗಿ ಹೇಳುತ್ತೇನೆ, ಕೋರ್ಸ್ ಒಂದೇ ಸಾಲದು. ಕೋರ್ಸಿಗೆ ಹೋದವರು ತಾವು ಬೆಂಕಿ ಆರಿಸುವುದನ್ನು ಕಲಿತು ಬರುತ್ತಾರೆ. ಇನ್ನೊಬ್ಬರಿಗೆ ಕಲಿಸುವುದು ಬೇರೆ ಕೆಲಸ. ಅದನ್ನು ನೀವೇ ನಿಮ್ಮ ಅಂಗಳದಲ್ಲಿ ಮಾಡಿಸಬೇಕು.

ಮೊದಲು ಆಯ್ಕೆ. ಸಾಮಾನ್ಯವಾಗಿ ಚೆನ್ನಾಗಿ ಮಾತಾಡುವವರನ್ನೋ ಸೆಕ್ಯುರಿಟಿ ಸೂಪರ್‌ವೈಸರನ್ನೋ ಆರಿಸುತ್ತಾರೆ. ನಾನು ಬೇರೆ ತರ ನೋಡುತ್ತೇನೆ. ಏನಾದರೂ ಎಡವಟ್ಟಾದಾಗ ಜನ ಯಾರ ಹೆಸರು ಹಿಡಿದು ಕೂಗುತ್ತಾರೆ? ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್ ಇರಬಹುದು, ಫರ್ನೇಸ್ ಆಪರೇಟರ್ ಇರಬಹುದು. ಅಚ್ಚಿನೊಳಗೆ ಇಡುವ ಮರಳಿನ ತಿರುಳು ಮಾಡುವ ಕೋರ್ ಶಾಪ್‌ನಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರೆ ಅವರಲ್ಲಿ ಎಲ್ಲರೂ ಅಕ್ಕಾ ಅನ್ನುವ ಒಬ್ಬರನ್ನು ಖಂಡಿತ ತೆಗೆದುಕೊಳ್ಳಿ. ಇಂಥವರ ಮಾತಿಗೆ ತೂಕ ಇರುತ್ತದೆ. ಪ್ರತಿ ಶಿಫ್ಟಿಗೂ ಒಬ್ಬರು ಸಿಗುವ ಹಾಗೆ ನೋಡಿಕೊಳ್ಳಿ. ರಾತ್ರಿ ಪಾಳಿಯಲ್ಲಿ ಜನ ಕಡಿಮೆ, ಸಾಹೇಬರೂ ಇರುವುದಿಲ್ಲ. ಅಲ್ಲಿ ಒಬ್ಬರು ಇರಲೇಬೇಕು.

ಈಗ ಮುಖ್ಯ ವಿಷಯ. ಕಲಿಸುವವರ ಕಣ್ಣು ಬೆಂಕಿಯ ಮೇಲಿರಬಾರದು, ಕಲಿಯುವವರ ಕೈ ಮೇಲಿರಬೇಕು. ಟ್ರೇನರ್ ತಯಾರಿ ಅಂತ ನಾನು ಮಾಡಿಸುವುದರಲ್ಲಿ ಹೆಚ್ಚಿನ ಪಾಲು ಇದೇ.

ಒಂದು ಉದಾಹರಣೆ ಕೊಡುತ್ತೇನೆ. ಹೊಸ ಹುಡುಗನ ಕೈಗೆ ಬೆಂಕಿ ಆರಿಸುವ ಆರು ಕೆಜಿ ಪೌಡರ್ ಸಿಲಿಂಡರ್ ಕೊಟ್ಟು, "ಬೆಂಕಿ ಹತ್ತಿತು, ಹೊಡಿ!" ಅಂತ ಜೋರಾಗಿ ಹೇಳಿ ನೋಡಿ. ಗಾಬರಿಯಲ್ಲಿ ಅವನು ಮೊದಲು ಹಿಡಿಯನ್ನು ಬಿಗಿಯಾಗಿ ಅಮುಕುತ್ತಾನೆ. ಮೇಲಿನ ಹಿಡಿಗೂ ಕೆಳಗಿನ ಹಿಡಿಗೂ ನಡುವೆ ಪಿನ್ ಸಿಕ್ಕಿಕೊಳ್ಳುತ್ತದೆ. ಎಳೆದರೆ ಬರುವುದಿಲ್ಲ. ಬರಲಿಲ್ಲ ಅಂತ ಇನ್ನೂ ಜೋರಾಗಿ ಎಳೆಯುತ್ತಾನೆ, ಎಳೆದಷ್ಟೂ ಇನ್ನೊಂದು ಕೈ ಇನ್ನಷ್ಟು ಬಿಗಿಯಾಗುತ್ತದೆ. ಕೊನೆಗೆ ಸಿಲಿಂಡರ್ ಕೆಟ್ಟಿದೆ ಅಂದುಕೊಂಡು ಕೆಳಗಿಟ್ಟು ಓಡುತ್ತಾನೆ. ಸಿಲಿಂಡರ್ ನೆಟ್ಟಗೇ ಇತ್ತು, ಒತ್ತಡದ ಮುಳ್ಳು ಹಸಿರಲ್ಲೇ ಇತ್ತು. ಪಿನ್ ಎಳೆ, ಬುಡಕ್ಕೆ ಗುರಿ ಹಿಡಿ, ಹಿಡಿ ಒತ್ತು, ಅತ್ತಿತ್ತ ಬೀಸು ಅಂತ ಬಾಯಿಪಾಠ ಮಾಡಿಸುವವರಿಗೆ ಇದು ಕಾಣುವುದೇ ಇಲ್ಲ. ನಿಮ್ಮ ಟ್ರೇನರಿಗೆ ಹಿಡಿ ಅಮುಕಿದ ಆ ಕೈ ಕಾಣಬೇಕು. ಕಂಡ ಕೂಡಲೇ, "ನೆಲಕ್ಕಿಡು. ಹಿಡಿ ಬಿಡು. ಒಂದು ಕೈ ಸಿಲಿಂಡರಿನ ಕತ್ತಿನ ಮೇಲೆ. ಈಗ ಪಿನ್ ತಿರುವಿ ಎಳೆ" ಅನ್ನಬೇಕು. ತಾನೇ ಕಸಿದುಕೊಂಡು ಮಾಡಿ ತೋರಿಸಬಾರದು. ಜೋಳದ ರೊಟ್ಟಿ ಬಡಿಯುವುದನ್ನು ಬರೀ ನೋಡಿ ಕಲಿತವರು ಯಾರಾದರೂ ಇದ್ದಾರಾ?

ಹಾಗೇ ಟ್ರೇನರ್ ಕಣ್ಣಿಗೆ ಬೀಳಬೇಕಾದ ತಪ್ಪುಗಳು ಇನ್ನಷ್ಟು ಇವೆ. ಜ್ವಾಲೆಯ ತುದಿಗೆ ಹೊಡೆಯುವುದು. ತೀರಾ ಹತ್ತಿರ ಹೋಗಿ ಹೊಡೆದು ಉರಿಯುವ ಎಣ್ಣೆಯನ್ನೇ ಚಿಮ್ಮಿಸುವುದು. ಆರಿತು ಅಂತ ಬೆನ್ನು ತಿರುಗಿಸಿ ಬರುವುದು, ಹಿಂದೆ ಮತ್ತೆ ಹೊತ್ತಿಕೊಳ್ಳುತ್ತದೆ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನ ಕೊಳವೆ ಬಾಯಿಯನ್ನು ಬರಿಗೈಲಿ ಹಿಡಿಯುವುದು. ಆ ಅನಿಲ ಹೊರಬರುವಾಗ ಮೈನಸ್ 78 ಡಿಗ್ರಿಯ ಹಿಮದಂತಾಗುತ್ತದೆ, ಚರ್ಮ ಸುಟ್ಟ ಹಾಗೆಯೇ ಗಾಯ ಆಗುತ್ತದೆ. ಇನ್ನು ಸಮಯ. ಆರು ಕೆಜಿ ಸಿಲಿಂಡರ್ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ಬಹಳ ಜನ ಅದು ಐದು ನಿಮಿಷ ಬರುತ್ತದೆ ಅಂದುಕೊಂಡಿರುತ್ತಾರೆ. ಟ್ರೇನರ್ ಪಕ್ಕದಲ್ಲಿ ನಿಂತು ಜೋರಾಗಿ ಎಣಿಸಲಿ, ಮನಸ್ಸಿನಲ್ಲಿ ಉಳಿಯುತ್ತದೆ.

ಬೆಂಕಿ ಹಚ್ಚಿ ಅಭ್ಯಾಸ ಮಾಡಿಸುವಾಗ ಟ್ರೇನರಿಗೆ ಶಿಸ್ತು ಬೇಕು. ಕಬ್ಬಿಣದ ಟ್ರೇ, ಅದರ ತಳಕ್ಕೆ ನೀರು, ಮೇಲೆ ತೆಳುವಾಗಿ ಡೀಸೆಲ್. ಹಚ್ಚುವುದು ಟ್ರೇನರ್ ಒಬ್ಬರೇ, ಗಾಳಿ ಬೆನ್ನ ಹಿಂದೆ ಇಟ್ಟುಕೊಂಡು, ಉದ್ದ ಕೋಲಿನಿಂದ. ಆರಿದ ಬಿಸಿ ಟ್ರೇಗೆ ಮತ್ತೆ ಎಣ್ಣೆ ಸುರಿಯಲೇಬಾರದು. ಪಕ್ಕದಲ್ಲಿ ತುಂಬಿದ ಇನ್ನೊಂದು ಸಿಲಿಂಡರ್ ಹಿಡಿದು ಒಬ್ಬರು ನಿಂತಿರಬೇಕು. ನೈಲಾನ್, ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಬಂದವರು ಅವತ್ತು ನೋಡುವುದಕ್ಕಷ್ಟೇ. ಮೊದಲೇ ಅಗ್ನಿಶಾಮಕ ಠಾಣೆಗೆ ತಿಳಿಸಿರಿ. ಇಲ್ಲದಿದ್ದರೆ ಹೊಗೆ ನೋಡಿ ಅಕ್ಕಪಕ್ಕದವರು ಫೋನ್ ಮಾಡುತ್ತಾರೆ.

ಪಾಠ ನಿಮ್ಮ ಫೌಂಡ್ರಿಯದ್ದೇ ಆಗಿರಬೇಕು. ಇದನ್ನು ಒತ್ತಿ ಹೇಳುತ್ತೇನೆ. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗೂ ಉದ್ಯಮಬಾಗದ ಫೌಂಡ್ರಿಗೂ ಅದೇ ಸ್ಲೈಡ್ ತೋರಿಸುವ ಟ್ರೇನರುಗಳನ್ನು ನೋಡಿದ್ದೇನೆ, ಸಿಟ್ಟು ಬರುತ್ತದೆ. ಅಲ್ಲಿ ಕಬ್ಬಿನ ಸಿಪ್ಪೆಯ ರಾಶಿ ಒಳಗೊಳಗೇ ಕೆಂಡವಾಗಿರುತ್ತದೆ. ಪೌಡರ್ ಹೊಡೆದರೆ ಮೇಲಿನ ಉರಿ ಮಾತ್ರ ಆರುತ್ತದೆ. ರಾಶಿ ಕೆದರಿ ನೀರು ಬಿಡಲೇಬೇಕು. ನಿಮ್ಮಲ್ಲಿ ಉಲ್ಟಾ. ಕರಗಿದ ಕಬ್ಬಿಣಕ್ಕೆ ನೀರು ತಾಗಿದರೆ ಆ ನೀರು ಸುಮಾರು 1700 ಪಟ್ಟು ಹಿಗ್ಗಿ ಉಗಿಯಾಗುತ್ತದೆ, ಲೋಹವನ್ನೇ ಸಿಡಿಸುತ್ತದೆ. ಕರಗಿದ ಲೋಹ ಹೊಯ್ಯುವ ಲ್ಯಾಡಲ್ ಚೆಲ್ಲಿದರೆ ಜನ ದೂರ ಸರಿಯಬೇಕು, ಹಾಕುವುದಿದ್ದರೆ ಒಣ ಮರಳು. ಹಸಿ ಮರಳೂ ಅಪಾಯವೇ. ಮಳೆಗಾಲದಲ್ಲಿ ಬೆಳಗಾವಿಯ ಜಡಿಮಳೆಗೆ ಮರಳಿನ ಬಕೆಟ್ ತೇವ ಹಿಡಿದಿರುತ್ತದೆ. ಟ್ರೇನರ್ ಆದವರು ಅದಕ್ಕೆ ಕೈ ಹಾಕಿ ನೋಡುವ ರೂಢಿ ಇಟ್ಟುಕೊಳ್ಳಬೇಕು. ಫರ್ನೇಸಿನ ಹೈಡ್ರಾಲಿಕ್ ಎಣ್ಣೆ ಸೋರಿ ಹೊತ್ತಿಕೊಂಡರೆ ಮೊದಲು ಪಂಪ್ ಬಂದ್ ಮಾಡಬೇಕು, ಆಮೇಲೆ ಸಿಲಿಂಡರ್. ಪ್ಯಾನಲ್‌ಗೆ ಹೊತ್ತಿದರೆ ಮೊದಲು ಕರೆಂಟ್ ತೆಗೆಯಬೇಕು. ತೆಗೆಯುವ ಸ್ವಿಚ್ ಎಲ್ಲಿದೆ ಅಂತ ಕೇಳಬೇಡಿ, ನಡೆದು ಹೋಗಿ ಮುಟ್ಟಿ ತೋರಿಸು ಅನ್ನಿ.

ಭಾಷೆಯ ವಿಷಯವೂ ಇದೆ. ನಮ್ಮ ಬೆಳಗಾವಿ ಶಾಪ್‌ಫ್ಲೋರಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುತ್ತವೆ. ಉತ್ತರದ ಕಡೆಯಿಂದ ಬಂದ ಹುಡುಗರಿಗೆ ಕನ್ನಡ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಮಾತು ಕಡಿಮೆ, ಕೈಸನ್ನೆ ಜಾಸ್ತಿ ಇರುವ ಪಾಠ ಬೇಕು. ಬೆಂಕಿ ಕಂಡಾಗ ಕೂಗುವ ಮಾತು ಮಾತ್ರ ಇಡೀ ಕಾರ್ಖಾನೆಗೆ ಒಂದೇ ಇರಲಿ.

ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಹೊರಗೆ ಹೋಗುವುದನ್ನು. 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಂನಲ್ಲೇ, ತಪ್ಪಿಸಿಕೊಳ್ಳುವ ದಾರಿ ಪ್ರತಿ ಕೆಲಸಗಾರನಿಗೂ ಗೊತ್ತಿರಬೇಕು, ಆಗ ಏನು ಮಾಡಬೇಕೆಂಬ ತರಬೇತಿ ಸಿಕ್ಕಿರಬೇಕು ಅಂತ ಬರೆದಿಟ್ಟಿದ್ದರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಅನ್ನುವ ಕಚೇರಿ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತುಂಬಿದ ಕಟ್ಟಡದಲ್ಲಿ ಸಿಕ್ಕಿಬಿದ್ದು ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಟ್ರೇನರ್ ಕಲಿಸಬೇಕಾದ ಕ್ರಮ ಇದು: ಕೂಗು, 101 ಅಥವಾ 112ಕ್ಕೆ ಫೋನ್ ಮಾಡಿಸು, ಬಾಗಿಲು ನಿನ್ನ ಬೆನ್ನ ಹಿಂದೆ ಇರುವಂತೆ ನಿಲ್ಲು, ಸಣ್ಣ ಬೆಂಕಿಯಾದರೆ ಒಂದು ಸಿಲಿಂಡರ್ ಹೊಡೆ. ಆರಲಿಲ್ಲವಾ, ಬಿಟ್ಟು ಬಾ. ಬಿಟ್ಟು ಬಂದವರನ್ನು ಯಾರೂ ಹೇಡಿ ಅನ್ನಬಾರದು. ಈ ಮಾತನ್ನು ಮಾಲೀಕರ ಬಾಯಿಂದಲೇ ಎಲ್ಲರ ಮುಂದೆ ಹೇಳಿಸಿ, ಟ್ರೇನರಿಗೆ ಬಲ ಬರುತ್ತದೆ.

ಪರೀಕ್ಷೆ ಹೇಗೆ ಅಂದರೆ, ನಿಮ್ಮ ಟ್ರೇನರ್ ಒಬ್ಬ ಹೊಸ ಕೆಲಸಗಾರನಿಗೆ ಕಲಿಸಲಿ. ನೀವು ಹಿಂದೆ ಸುಮ್ನೆ ನಿಂತು ನೋಡಿ, ನಡುವೆ ಬಾಯಿ ಹಾಕಬೇಡಿ. ಕೆಲವು ದಿನ ಬಿಟ್ಟು ಆ ಕೆಲಸಗಾರನ ಹತ್ತಿರ ಹೋಗಿ ಮಾಡಿಸಿ ನೋಡಿ. ಅವನಿಗೆ ಬಂದರೆ ಟ್ರೇನರ್ ಪಾಸ್. ಬರದಿದ್ದರೆ ಟ್ರೇನರನ್ನು ಕೂರಿಸಿಕೊಂಡು ಎಲ್ಲಿ ಕಣ್ಣು ತಪ್ಪಿತು ಅಂತ ಮಾತಾಡಿ.

ಹೊರಗಿನ ಕೋರ್ಸಿಗೆ ಒಬ್ಬರನ್ನಾದರೂ ಕಳಿಸುವುದಿದ್ದರೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜನ್ನು ವಿಚಾರಿಸಿ. ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ, 1944ರಲ್ಲಿ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದವರ ನೆನಪಿಗೆ. ಆಗ ಠಾಣೆಯವರನ್ನು ಕರೆಸಿ, ಅವರ ಮುಂದೆ ನಿಮ್ಮ ಟ್ರೇನರ್ ಪಾಠ ಮಾಡಲಿ.

ಖರ್ಚಿನ ಬಗ್ಗೆ ಒಂದು ಮಾತು. ರೀಫಿಲ್ ತಾರೀಖು ಬಂದ ಸಿಲಿಂಡರುಗಳನ್ನು ಹಾಗೇ ಏಜೆನ್ಸಿಯವರಿಗೆ ಕೊಡಬೇಡಿ, ಅಭ್ಯಾಸಕ್ಕೆ ಅವನ್ನೇ ಬಳಸಿ. ಆದರೆ ಗೋಡೆಯ ಜಾಗ ಖಾಲಿ ಬಿಡದೆ ಮೊದಲು ಬದಲಿ ತೂಗುಹಾಕಿಸಿ. ಹೊಡೆದು ಮುಗಿದ ಸಿಲಿಂಡರನ್ನು ನೆಲದ ಮೇಲೆ ಅಡ್ಡ ಮಲಗಿಸಬೇಕು. ನಿಲ್ಲಿಸಿಟ್ಟರೆ ತುಂಬಿದ್ದು ಅಂದುಕೊಂಡು ಯಾರಾದರೂ ಮತ್ತೆ ಗೋಡೆಗೆ ಹಾಕಿಬಿಡುತ್ತಾರೆ.