ಮಂಚದ ಮೇಲೆ ಮೇಸ್ತ್ರಿ, ಮೊಬೈಲ್‌ನಲ್ಲಿ ಮನೆ

ಪ್ರಶ್ನೆ: ನನ್ನ ಗಂಡ ಗಾರೆ ಕೆಲಸದವರು. ನಾಲ್ಕು ತಿಂಗಳ ಹಿಂದೆ ಸಾರುವೆಯಿಂದ ಬಿದ್ದು ತೊಡೆ ಮೂಳೆ ಮುರಿಯಿತು, ರಾಡ್ ಹಾಕಿದ್ದಾರೆ, ಇನ್ನೂ ಮಂಚದಲ್ಲೇ ಇದ್ದಾರೆ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಒಂಬತ್ತು ವರ್ಷದ ಮಗಳು ಸ್ಕೂಲಿಂದ ಬಂದವಳೇ ಅಪ್ಪನ ಮೊಬೈಲ್ ಹಿಡಿದು ಮೈನ್‌ಕ್ರಾಫ್ಟ್ ಅನ್ನೋ ಗೇಮ್ ಆಡುತ್ತಾಳೆ. ದಿನಾ ಎರಡು ಮೂರು ಗಂಟೆ. ಬರೀ ಮನೆ ಕಟ್ಟೋದು, ಕೆಡವೋದು. ಕ್ರಿಯೇಟಿವ್ ಮೋಡ್ ಅಂತ ಇದೆಯಂತೆ, ಅದು ಬಿಟ್ಟು ಬೇರೆ ಆಡೋದಿಲ್ಲ. ‘ಇಷ್ಟು ಕಷ್ಟದಲ್ಲೂ ಇವಳಿಗೆ ಆಟ’ ಅಂತ ಅತ್ತೆ ಬೈಯುತ್ತಾರೆ. ಮೊಬೈಲ್ ಕಿತ್ತಿಟ್ಟುಬಿಡಲಾ?
– ಓದುಗರೊಬ್ಬರು, ಮದ್ದೂರು

ಉತ್ತರ: ಕಿತ್ತಿಡಬೇಡಿ. ಮೊದಲು ಒಂದು ಹದಿನೈದು ನಿಮಿಷ ಅವಳ ಪಕ್ಕ ಕೂತು ಸುಮ್ನೆ ನೋಡಿ.

ಕ್ರಿಯೇಟಿವ್ ಮೋಡ್‌ನಲ್ಲಿ ಇಟ್ಟಿಗೆ, ಮರ, ಗಾಜು ಯಾವುದೂ ಖಾಲಿಯಾಗುವುದಿಲ್ಲ. ಆಟದೊಳಗಿನ ಪಾತ್ರ ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ. ಅದೇ ಆಟದ ಇನ್ನೊಂದು ಬಗೆಯಾದ ಸರ್ವೈವಲ್ ಮೋಡ್‌ನಲ್ಲಿ ಹಾಗಲ್ಲ, ಬಿದ್ದರೆ ಸತ್ತೇ ಹೋಗಬಹುದು. ಅಪ್ಪ ಬಿದ್ದ ಮೇಲೆ ಈ ಹುಡುಗಿ ಬೀಳುವ ಭಯವಿಲ್ಲದ ಜಾಗದಲ್ಲಿ ಮನೆ ಕಟ್ಟುತ್ತಿದ್ದಾಳೆ. ಇದಕ್ಕೆ ಜಾಸ್ತಿ ಅರ್ಥ ಹಚ್ಚಲು ನಾನು ಹೋಗುವುದಿಲ್ಲ. ಸುಲಭ ಅಂತಲೂ ಎಷ್ಟೋ ಮಕ್ಕಳು ಅದನ್ನೇ ಆಡುತ್ತಾರೆ. ಆದರೆ ಮನೆಯಲ್ಲಿ ಕೆಟ್ಟದ್ದು ನಡೆದಾಗ ಮಕ್ಕಳು ಅದನ್ನು ಆಟಕ್ಕೆ ತರುತ್ತಾರೆ, ಮತ್ತೆ ಮತ್ತೆ ಆಡುತ್ತಾರೆ. ಮೊದಲೆಲ್ಲ ಮಣ್ಣಲ್ಲಿ, ಗೊಂಬೆಯಲ್ಲಿ ಆಡುತ್ತಿದ್ದರು, ಅಷ್ಟೇ. ಅವಳಿಗೂ ಕಷ್ಟ ಗೊತ್ತು ಅಂತ ನಿಮ್ಮ ಅತ್ತೆಗೆ ಹೇಳಿ.

ಇನ್ನು, ನಿಮ್ಮ ಪತ್ರ ಓದುವಾಗ ನನಗೆ ನಗು ಬಂತು, ತಪ್ಪು ತಿಳಿಯಬೇಡಿ. ಮಗಳಿಗೆ ಮನೆ ಕಟ್ಟೋ ಹುಚ್ಚು. ಪಕ್ಕದ ಮಂಚದಲ್ಲೇ ಒಬ್ಬ ಮೇಸ್ತ್ರಿ ಕೆಲಸವಿಲ್ಲದೆ ಮಲಗಿದ್ದಾರೆ! ಅವರನ್ನು ಆಟಕ್ಕೆ ಎಳೆಯಿರಿ. ಮೈನ್‌ಕ್ರಾಫ್ಟ್‌ನಲ್ಲಿ ಪಾಯ ಬೇಕಿಲ್ಲ. ಕೆಳಗಿನ ಗೋಡೆ ತೆಗೆದರೂ ಸೂರು ಗಾಳಿಯಲ್ಲೇ ನಿಂತಿರುತ್ತದೆ. ಮರಳು, ಜಲ್ಲಿಯಂಥವು ಮಾತ್ರ ಕೆಳಗೆ ಬೀಳುತ್ತವೆ. ಗಾರೆ ಕೆಲಸದವರು ಇದನ್ನು ನೋಡಿ ಸುಮ್ಮನಿರುತ್ತಾರಾ? ‘ಪಾಯ ಎಲ್ಲಮ್ಮಾ, ಲಿಂಟಲ್ ಎಲ್ಲಿ’ ಅಂತ ಶುರು ಮಾಡುತ್ತಾರೆ. ನೀರಿಗೂ ಇನ್ನೊಬ್ಬರನ್ನು ಕರೆಯಬೇಕಾದ ಮನುಷ್ಯನ ಹತ್ತಿರ ಮಗಳು ಬಂದು ‘ಮೆಟ್ಟಿಲು ಹೇಗಪ್ಪಾ ಕೂರಿಸೋದು’ ಅಂತ ಕೇಳಲಿ. ಅವರಿಗೆ ಅದು ಮಾತ್ರೆಗಿಂತ ಕಡಿಮೆಯೇನಲ್ಲ.

ಅಪ್ಪ ಯಾವಾಗ ನಡೆಯುತ್ತಾರೆ, ದುಡ್ಡಿಗೆ ಏನು ಮಾಡುತ್ತಿದ್ದೀರಿ ಅನ್ನುವುದನ್ನೂ ಅವಳಿಗೆ ನೇರವಾಗಿ ಹೇಳಿ. ಅಡುಗೆಮನೆಯ ಪಿಸುಮಾತು ಮಕ್ಕಳಿಗೆ ಕೇಳಿಸಿರುತ್ತದೆ, ಅಲ್ವಾ?

ಹೊತ್ತಿಗೆ ಒಂದು ಮಿತಿ ಬೇಕು. ‘ಐದು ನಿಮಿಷ’ ಅನ್ನುವುದಕ್ಕಿಂತ ‘ಆ ಗೋಡೆ ಮುಗಿಸಿ ಇಡು’ ಅಂದರೆ ಜಗಳ ಕಡಿಮೆ. ಗುರುತಿಲ್ಲದವರ ಜೊತೆ ಆಡುವ ಮಲ್ಟಿಪ್ಲೇಯರ್ ಆಫ್ ಮಾಡಿ. ಯುಪಿಐ ಪಿನ್ ಅವಳಿಗೆ ಗೊತ್ತಿರುವುದು ಬೇಡ. ರಾತ್ರಿ ಮೊಬೈಲ್ ಅವಳ ಹಾಸಿಗೆಯಿಂದ ದೂರ ಇರಲಿ.

ಗೇಮಿಂಗ್ ಚಟ ಅನ್ನುವುದು ನಿಜವಾದ ಕಾಯಿಲೆಯೇ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಅದೂ ಇದೆ. ಆದರೆ ಅಲ್ಲಿ ಗಂಟೆ ಎಣಿಸುವುದಿಲ್ಲ. ಆಟ ಕೈಮೀರಿ ಓದು, ಮನೆ, ಸ್ನೇಹ ಎಲ್ಲ ಹಾಳಾಗಿ, ಸಾಮಾನ್ಯವಾಗಿ ಒಂದು ವರ್ಷ ಹಾಗೇ ಮುಂದುವರಿದಿರಬೇಕು. ನಿಮ್ಮ ಮಗಳು ಸ್ಕೂಲಿಗೆ ಹೋಗುತ್ತಿದ್ದಾಳೆ. ನಿದ್ದೆ, ಊಟ ಬಿಟ್ಟರೆ, ಮಾತು ನಿಲ್ಲಿಸಿದರೆ ವರ್ಷ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮಗೇ ಸಾಕಾಗಿಹೋದ ದಿನವೂ ಅದೇ ನಂಬರಿಗೆ ಮಾಡಬಹುದು.