ಹೊಕ್ಕುಳಿನ ಕೆಳಗಿನ ಮೂರು ತೂತು

(ಶಿವಮೊಗ್ಗದ ಓದುಗರೊಬ್ಬರು ಆರು ಪುಟಗಳ ಪತ್ರ ಬರೆದಿದ್ದಾರೆ. ಬ್ಯಾಂಕ್ ನೌಕರಿಯಿಂದ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರಾಂಶ ಇಷ್ಟು: ಒಂದೂವರೆ ವರ್ಷದಿಂದ ಅವರ ಟೀ ಶರ್ಟುಗಳಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳು ಬೀಳುತ್ತಿವೆ. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಎಲ್ಲವೂ ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ. ಹೀಗೆ ಹನ್ನೊಂದು ಟೀ ಶರ್ಟು ಹಾಳಾಗಿವೆ. ಹೆಂಡತಿಯ ಬಟ್ಟೆಗೂ ಮಗನ ಬಟ್ಟೆಗೂ ಏನೂ ಆಗಿಲ್ಲ, ಒಗೆಯುವುದು ಮಾತ್ರ ಎಲ್ಲವನ್ನೂ ಒಂದೇ ವಾಷಿಂಗ್ ಮೆಷಿನ್‌ನಲ್ಲಿ. ಜಿರಲೆಗೆ ಔಷಧ ಹೊಡೆಸಿದ್ದಾರೆ, ಬೀರುವಿನಲ್ಲಿ ನುಸಿಗುಳಿಗೆ ಇಟ್ಟಿದ್ದಾರೆ, ಸೋಪಿನ ಪುಡಿಯನ್ನು ಮೂರು ಸಲ ಬದಲಾಯಿಸಿದ್ದಾರೆ. ಮೆಷಿನ್ ರಿಪೇರಿಯ ಹುಡುಗನನ್ನು ಎರಡು ಸಲ ಕರೆಸಿದ್ದಾರೆ. ಎರಡನೆಯ ಸಲವೂ ಅವನು ‘ಏನೂ ದೋಷ ಇಲ್ಲ ಸಾರ್’ ಎಂದದ್ದಕ್ಕೆ ಸಿಟ್ಟಾಗಿ 350 ರೂಪಾಯಿ ಕೊಡದೆ ಕಳುಹಿಸಿದ್ದಾರೆ. ‘ವಿಜ್ಞಾನದ ಅಂಕಣ ನಡೆಸುತ್ತೀರಲ್ಲ, ಇದಕ್ಕೆ ಉತ್ತರ ಕೊಡಿಸಿ ನೋಡೋಣ’ ಎಂಬುದು ಅವರ ಸವಾಲು.)

ಮಾನ್ಯರೇ,

ನಿಮ್ಮ ಪತ್ರವನ್ನು ಮೊದಲು ವಿಜ್ಞಾನದ ಅಂಕಣಕಾರರಿಗೆ ದಾಟಿಸಿ ಕೈತೊಳೆದುಕೊಳ್ಳುವ ಯೋಚನೆಯಲ್ಲಿದ್ದೆ. ಇನ್ನೊಮ್ಮೆ ಓದಿದಾಗ ನಾಲ್ಕನೆಯ ಪುಟದಲ್ಲಿ ಸಿಕ್ಕಿಬಿದ್ದೆ. ತೂತಿನ ವಿಷಯ ಬಿಟ್ಟು ಅಲ್ಲಿ ನೀವು ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದೀರಿ: ನಿವೃತ್ತಿಯಾದ ಮಾರನೆಯ ದಿನದಿಂದ ಬೆಳಗಿನ ಕಾಫಿ ನಿಮ್ಮದೇ, ರಾತ್ರಿಯ ಪಾತ್ರೆ ತೊಳೆಯುವುದೂ ನಿಮ್ಮದೇ. ಬಹಳ ಸಂತೋಷ. ನಿವೃತ್ತಿಯಾಗಿ ಎಷ್ಟು ದಿನವಾಯಿತು ಎಂದು ಹುಡುಕಿದರೆ ಎರಡನೆಯ ಪುಟದಲ್ಲಿ ಉತ್ತರವಿದೆ: ಒಂದೂವರೆ ವರ್ಷ. ತೂತುಗಳ ವಯಸ್ಸೂ ಅಷ್ಟೇ.

ಅದಕ್ಕೇ ಕಳೆದ ವಾರ ನಿಮಗೆ ಫೋನ್ ಮಾಡಿದ್ದು. ಆ ಸಂಭಾಷಣೆಯನ್ನು ಅಚ್ಚು ಹಾಕಲು ನೀವು ಒಪ್ಪಿದ್ದೀರಿ, ಆದ್ದರಿಂದ ಉಳಿದ ಓದುಗರಿಗಾಗಿ ಬರೆಯುತ್ತೇನೆ. ‘ಪಾತ್ರೆ ತೊಳೆಯುವಾಗ ಅಡುಗೆ ಕಟ್ಟೆಗೆ ಒರಗಿ ನಿಲ್ಲುತ್ತೀರಾ?’ ಎಂದು ಕೇಳಿದೆ. ‘ಇಲ್ಲವೇ ಇಲ್ಲ, ನೆಟ್ಟಗೆ ನಿಲ್ಲುತ್ತೇನೆ’ ಎಂದಿರಿ, ಸ್ವಲ್ಪ ಬೇಸರದಿಂದಲೇ. ‘ಮನೆಯಲ್ಲೂ ಪ್ಯಾಂಟಿಗೆ ಬೆಲ್ಟ್ ಹಾಕುತ್ತೀರಾ?’ ಎಂದೆ. ಮೂವತ್ತೈದು ವರ್ಷದ ರೂಢಿ, ಬೆಲ್ಟ್ ಇಲ್ಲದಿದ್ದರೆ ಸೊಂಟ ಬರಿದೆನಿಸುತ್ತದೆ ಎಂದಿರಿ. ಟೇಪು ಹಿಡಿದು ಅಳೆಯಲು ಹೇಳಿದೆ. ಮಗ ಹೊಸ ಮಾದರಿಯಲ್ಲಿ ಕಟ್ಟಿಸಿದ ಅಡುಗೆ ಕಟ್ಟೆಯ ಎತ್ತರ ನೆಲದಿಂದ 36 ಅಂಗುಲ. ನಿಮ್ಮ ಬೆಲ್ಟಿನ ಬಕಲ್ 36ಕ್ಕೂ 37ಕ್ಕೂ ನಡುವೆ.

ಆಗಲೂ ನೀವು ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತು, ಸೀಮೆಸುಣ್ಣದ ಪರೀಕ್ಷೆಗೆ ಅವಕಾಶ ಸಿಕ್ಕಿತು. ಕಟ್ಟೆಯ ಅಂಚಿನುದ್ದಕ್ಕೂ ಸೀಮೆಸುಣ್ಣ ಉಜ್ಜಿ, ಕಡುನೀಲಿ ಟೀ ಶರ್ಟು ತೊಟ್ಟು, ಎಂದಿನಂತೆ ಪಾತ್ರೆ ತೊಳೆಯಿರಿ ಎಂದೆ. ಇಪ್ಪತ್ತು ನಿಮಿಷದ ನಂತರ ನಿಮ್ಮ ಫೋನ್ ಬಂತು. ಮೊದಲು ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಗೇಣುದ್ದದ ಬಿಳಿ ಗೆರೆ ಬಿದ್ದಿದೆ. ಬಕಲ್ ಇರುವ ಕಡೆ ದಪ್ಪಗಿದೆ.’ ಹಿಂದಿನಿಂದ ನಿಮ್ಮ ಮನೆಯವರ ದನಿ ಕೇಳಿಸಿತು: ‘ಇವರು ಒರಗದೆ ನಿಂತದ್ದನ್ನು ನಾನು ಒಂದು ದಿನವೂ ನೋಡಿಲ್ಲ. ನನ್ನನ್ನು ಯಾರು ಕೇಳಿದರು?’

ಬಕಲ್ ಒಂದು ಕಡೆ, ಕಲ್ಲಿನ ಅಂಚು ಇನ್ನೊಂದು ಕಡೆ, ನಡುವೆ ಟೀ ಶರ್ಟು. ತಟ್ಟೆ ಉಜ್ಜುವ ಕೈಯ ಜೊತೆಗೆ ಮೈಯೂ ತೂಗುತ್ತದೆ. ಬೀಸುಕಲ್ಲಿಗೆ ಸಿಕ್ಕ ಕಾಳಿನ ಗತಿ ಬಟ್ಟೆಗೆ. ನಿಮ್ಮ ಹಳೆಯ ಮನೆಯಲ್ಲಿದ್ದ ಕಡಪಾ ಕಲ್ಲು ಸುಣ್ಣದ ಕಲ್ಲಿನ ಜಾತಿ. ಗಡಸುತನವನ್ನು ಒಂದರಿಂದ ಹತ್ತರವರೆಗೆ ಗುರುತಿಸುವ ಮೋಸ್ ಅಳತೆಯಲ್ಲಿ ಸುಮಾರು 3. ಚಾಕುವಿನಿಂದ ಗೀರಿದರೆ ಗೀರು ಬೀಳುತ್ತದೆ, ವರ್ಷಗಟ್ಟಲೆ ಬಳಸಿದರೆ ಅಂಚು ತಾನೇ ಗುಂಡಗಾಗುತ್ತದೆ. ಈಗಿನ ಕಟ್ಟೆಯ ಗ್ರಾನೈಟ್ ಹಾಗಲ್ಲ. ಅದರಲ್ಲಿರುವ ಖನಿಜಗಳಲ್ಲಿ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7, ಚಾಕುವೇ ಸೋಲುತ್ತದೆ. (ನಮ್ಮ ಚಾಮರಾಜನಗರದ ಕಡೆಯ ಕಪ್ಪು ಗ್ರಾನೈಟ್ ನಿಜಕ್ಕೂ ಗ್ರಾನೈಟ್ ಅಲ್ಲ, ಡಾಲರೈಟ್ ಎಂದು ಭೂವಿಜ್ಞಾನ ಓದಿದವರು ತಕರಾರು ತೆಗೆಯುತ್ತಾರೆ. ನಿಮ್ಮ ಟೀ ಶರ್ಟಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.)

‘ಹಾಗಾದರೆ ತೂತು ಒಗೆದ ಮೇಲೆಯೇ ಏಕೆ ಕಾಣಿಸುತ್ತದೆ? ತೊಡುವಾಗ ಬಟ್ಟೆ ಸರಿಯಾಗಿಯೇ ಇರುತ್ತದಲ್ಲ?’ ಎಂದು ನೀವು ಕೇಳಿದ ಪ್ರಶ್ನೆ ಸೊಗಸಾಗಿತ್ತು. ಅಂಗಿಯ ಬಟ್ಟೆ ಹಾಸು ಹೊಕ್ಕು ಎಳೆಗಳಿಂದ ನೇಯ್ದದ್ದು. ಒಂದು ಎಳೆ ತುಂಡಾದರೂ ಅಕ್ಕಪಕ್ಕದವು ಹಿಡಿದುಕೊಂಡಿರುತ್ತವೆ. ಟೀ ಶರ್ಟು ಹೆಣೆದದ್ದು, ಸ್ವೆಟರಿನಂತೆ, ಆದರೆ ಬಲು ಸಣ್ಣ ಕುಣಿಕೆಗಳಲ್ಲಿ. ಒಂದು ಕುಣಿಕೆ ಸವೆದು ಕಡಿದರೂ ಆ ಹೊತ್ತಿಗೆ ಕಣ್ಣಿಗೆ ಬೀಳುವುದಿಲ್ಲ. ಮೆಷಿನ್‌ನಲ್ಲಿ ಗಿರಗಿರನೆ ತಿರುಗಿ ಹಿಂಡಿಸಿಕೊಂಡಾಗ ಪಕ್ಕದ ಕುಣಿಕೆಗಳು ಬಿಚ್ಚಿಕೊಳ್ಳುತ್ತವೆ. ಪೆಟ್ಟು ಬಿದ್ದದ್ದು ಅಡುಗೆಮನೆಯಲ್ಲಿ, ತೂತು ಕಂಡದ್ದು ಒಣಹಾಕುವ ಹಗ್ಗದ ಮೇಲೆ. ಮೆಷಿನ್ ಮೇಲೆ ಗುಮಾನಿ ಬಂದದ್ದು ನಿಮ್ಮ ತಪ್ಪಲ್ಲ ಬಿಡಿ. ನೌಕರಿಯಲ್ಲಿದ್ದಾಗ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಿರಿ, ಬಕಲ್ ಹೊರಗಿರುತ್ತಿತ್ತು. ಈಗ ಟೀ ಶರ್ಟು ಇಳಿಬಿಟ್ಟಿದ್ದೀರಿ, ಬಕಲ್ ಒಳಗೆ ಸೇರಿತು. ನಿಮ್ಮ ಮನೆಯವರ ನೈಟಿಯ ಕೆಳಗೆ ಕಲ್ಲಿಗೆ ಎದುರು ನಿಲ್ಲುವ ಗಟ್ಟಿ ವಸ್ತು ಯಾವುದೂ ಇಲ್ಲ. ಮಗನ ಬಟ್ಟೆ ಏಕೆ ಉಳಿಯಿತು ಎಂಬುದಕ್ಕೆ ಉತ್ತರ ನಿಮಗೇ ಗೊತ್ತು: ಅವನು ಸಿಂಕಿನ ಹತ್ತಿರ ಸುಳಿಯುವುದಿಲ್ಲ.

ಇನ್ನು ಹುಳದ ವಿಷಯ. ಬಟ್ಟೆ ತಿನ್ನುವ ಪತಂಗದ ಮರಿಗಳಿಗೆ ರುಚಿಸುವುದು ಉಣ್ಣೆ, ರೇಷ್ಮೆ. ಒಗೆದ ಹತ್ತಿ ಬಟ್ಟೆಯ ತಂಟೆಗೆ ಅವು ಸಾಮಾನ್ಯವಾಗಿ ಬರುವುದಿಲ್ಲ. ಬಂದರೂ, ಹನ್ನೊಂದು ಟೀ ಶರ್ಟುಗಳಲ್ಲಿ ಹೊಕ್ಕುಳಿನ ಕೆಳಗಿನ ಜಾಗವನ್ನೇ ಅಳೆದು ತಿನ್ನುವ ಹುಳಕ್ಕೆ ಬ್ಯಾಂಕಿನಲ್ಲೇ ಕೆಲಸ ಕೊಡಬಹುದಿತ್ತು.

ನಿಮ್ಮನ್ನು ಇಷ್ಟು ಕಿಚಾಯಿಸಿದ ಮೇಲೆ ನನ್ನ ಕತೆಯನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಎಡಗೈಯ ಕಿರುಬೆರಳು ಜೋಮು ಹಿಡಿಯತೊಡಗಿತು. ಕಿರುಬೆರಳು ಪೂರ್ತಿ, ಉಂಗುರದ ಬೆರಳು ಅರ್ಧ. ಅದೂ ಕಿರುಬೆರಳಿನ ಕಡೆಯ ಅರ್ಧ ಮಾತ್ರ, ಗೆರೆ ಎಳೆದಂತೆ. ಹೃದಯವೇ ಇರಬೇಕೆಂದು ಹೆದರಿ ಇಸಿಜಿ ಮಾಡಿಸಿದೆ. ಕುತ್ತಿಗೆಯ ಎಕ್ಸ್‌ರೇ ತೆಗೆಸಿದೆ. ದಿಂಬು ಬದಲಾಯಿಸಿದೆ, ದಿಂಬಿಲ್ಲದೆಯೂ ಮಲಗಿದೆ. ಕೊನೆಗೆ ಹಳೆಯ ಕಾಲದ ವೈದ್ಯರೊಬ್ಬರು ನನ್ನ ಕೈಯನ್ನು ಮುಟ್ಟುವ ಮೊದಲು ಅಂಗಿಯ ತೋಳನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಎಡ ಮೊಣಕೈಯ ಬಟ್ಟೆ ಸವೆದು ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ಹೊಳೆಯುತ್ತಿತ್ತು. ಬಲಗಡೆಯದು ಹೊಸದರಂತೆಯೇ ಇತ್ತು. ‘ಕರಡು ತಿದ್ದುವಾಗ ಕೆನ್ನೆಗೆ ಕೈ ಕೊಟ್ಟು ಕೂರುತ್ತೀರಾ?’ ಎಂದರು. ‘ಇಲ್ಲವೇ ಇಲ್ಲ’ ಎಂದೆ, ಥೇಟ್ ನಿಮ್ಮ ಹಾಗೆ.

ಮೊಣಕೈ ಎಲ್ಲಿಗಾದರೂ ತಗುಲಿದಾಗ ಕರೆಂಟು ಹೊಡೆದಂತಾಗುತ್ತದಲ್ಲ, ಅಲ್ಲಿ ಹಾದುಹೋಗುವ ಅಲ್ನರ್ ನರ ಕಿರುಬೆರಳಿಗೂ ಅರ್ಧ ಉಂಗುರದ ಬೆರಳಿಗೂ ಸ್ಪರ್ಶಜ್ಞಾನ ಕೊಡುವಂಥದ್ದು. ಮೂಳೆಯ ಹಿಂದೆ, ಚರ್ಮದ ಕೆಳಗೇ ಇರುತ್ತದೆ, ಮೆತ್ತನೆಯ ಹೊದಿಕೆ ಇಲ್ಲ. ಕೈ ಮಡಚಿ, ಮೊಣಕೈಯನ್ನು ಮರದ ಮೇಜಿಗೆ ಊರಿ, ಮೇಲೆ ಸಂಪಾದಕರ ತಲೆಯ ಭಾರ ಹೇರಿದರೆ ಅದು ದೂರು ಕೊಡದೆ ಇರುತ್ತದೆಯೇ? ಮೇಜಿನ ಮೇಲೆ ಟವೆಲ್ ಮಡಚಿ ಇಟ್ಟೆ, ಕೈ ಚಾಚಿ ಕೂರುವುದನ್ನು ಕಲಿತೆ. ಎರಡು ತಿಂಗಳಲ್ಲಿ ಬೆರಳು ನನ್ನದಾಯಿತು. ಈ ಉತ್ತರ ಬರೆಯುವಾಗಲೂ ಎರಡು ಸಲ ಕೆನ್ನೆಗೆ ಕೈ ಹೋಗಿದೆ.

‘ನಾನು ಒರಗುತ್ತೇನೆಂದು ನನಗೇ ಏಕೆ ತಿಳಿಯಲಿಲ್ಲ?’ ಎಂದು ನೀವು ಫೋನಿನಲ್ಲಿ ಪೆಚ್ಚಾಗಿ ಕೇಳಿದಿರಿ. ಬರ್ಲಿನ್ನಿನ ಒಂದು ಕುದುರೆಯ ವಿಷಯ ಕೇಳಿದರೆ ನಿಮಗೆ ಸಮಾಧಾನವಾದೀತು. ಅದರ ಹೆಸರು ಹಾನ್ಸ್. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಮೇಷ್ಟರು ಅದಕ್ಕೆ ಲೆಕ್ಕ ಕಲಿಸಿದ್ದೇನೆ ಎನ್ನುತ್ತಿದ್ದರು. ಮೂರಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಎಂದರೆ ಗೊರಸಿನಿಂದ ಏಳು ಸಲ ತಟ್ಟಿ ನಿಲ್ಲಿಸುತ್ತಿತ್ತು. 1904ರಲ್ಲಿ ತಜ್ಞರ ಸಮಿತಿಯೊಂದು ಪರೀಕ್ಷಿಸಿ, ಇದರಲ್ಲಿ ಮೋಸವೇನೂ ಕಾಣುತ್ತಿಲ್ಲ ಎಂದಿತು. ಆಮೇಲೆ ಆಸ್ಕರ್ ಫಂಗ್‌ಸ್ಟ್ ಎಂಬಾತ ಪಟ್ಟು ಹಿಡಿದು ಕೂತು, ಕುದುರೆಯನ್ನು ಬಿಟ್ಟು ಪ್ರಶ್ನೆ ಕೇಳುವವರನ್ನು ನೋಡತೊಡಗಿದ. ಕೇಳುವವರು ಗೊರಸು ನೋಡಲು ತುಸು ಬಾಗುತ್ತಿದ್ದರು. ಸರಿಯುತ್ತರದ ತಟ್ಟು ಬಿದ್ದ ಕ್ಷಣ ಅವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅಷ್ಟನ್ನು ಕಂಡು ನಿಲ್ಲಿಸುತ್ತಿತ್ತು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಇಲ್ಲವೇ ಅವರು ಅದರ ಕಣ್ಣಿಗೆ ಕಾಣದಿದ್ದರೆ ಹಾನ್ಸ್‌ನ ಗಣಿತ ಕೆಡುತ್ತಿತ್ತು. ಆ ಮೇಷ್ಟರು ಮೋಸಗಾರರಲ್ಲ, ತಾನು ತಲೆ ಎತ್ತುತ್ತೇನೆಂದು ಅವರಿಗೆ ತಿಳಿದೇ ಇರಲಿಲ್ಲ. ಗುಟ್ಟು ತಿಳಿದ ಫಂಗ್‌ಸ್ಟ್‌ಗೂ ತನ್ನ ತಲೆಯನ್ನು ಹಿಡಿದಿಟ್ಟುಕೊಳ್ಳುವುದು ಸುಲಭವಾಗಲಿಲ್ಲ. ಆದ್ದರಿಂದ ‘ಇನ್ನು ಮೇಲೆ ಒರಗುವುದಿಲ್ಲ’ ಎಂದು ನೀವು ಕೊಟ್ಟ ಮಾತನ್ನು ನಾನು ಅಷ್ಟಾಗಿ ನಂಬಿಲ್ಲ.

ಅದರ ಬದಲು ಅಡುಗೆಮನೆಗೆ ಹೋಗುವಾಗ ಬೆಲ್ಟ್ ಬಿಚ್ಚಿಡಿ. ಪಂಚೆ ಉಟ್ಟರೆ ಇನ್ನೂ ಒಳ್ಳೆಯದು. ಅದೂ ಆಗದಿದ್ದರೆ ಬಕಲ್ಲನ್ನು ಪಕ್ಕೆಗೆ ಸರಿಸಿಕೊಳ್ಳಿ, ಅಥವಾ ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಳ್ಳಿ. ಕಲ್ಲು ಪಾಲಿಶ್ ಮಾಡುವವರನ್ನು ಕರೆಸಿದರೆ ಕಟ್ಟೆಯ ಅಂಚನ್ನು ಗುಂಡಗೆ ಉಜ್ಜಿಕೊಡುತ್ತಾರೆ, ಆದರೆ ಮನೆತುಂಬ ದೂಳೇಳುತ್ತದೆ. ತೂತಾದ ಹನ್ನೊಂದನ್ನು ಬಿಸಾಡಬೇಡಿ, ಪಾತ್ರೆ ತೊಳೆಯಲು ಅವನ್ನೇ ತೊಡಿ.

ಮತ್ತೆ, ಆ ಮೆಷಿನ್ ರಿಪೇರಿಯ ಹುಡುಗ ಎರಡು ಸಲ ಬಂದು, ಎರಡು ಸಲವೂ ನಿಜವನ್ನೇ ಹೇಳಿ ಹೋಗಿದ್ದಾನೆ. ಅವನ ನಂಬರು ನಿಮ್ಮ ಮೊಬೈಲಿನಲ್ಲಿ ಇನ್ನೂ ಇರಬೇಕು. 350 ರೂಪಾಯಿ ತಲುಪಿತೆಂದು ನನಗೊಂದು ಕಾರ್ಡು ಹಾಕಿ, ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ