ಕೂತ್ಕೊಳ್ಳಿ ಅಂದರೆ ಸಾಕು, ಭಯ

ಎಲ್ಲರಿಗೂ ಹೇಳುವ ಹಾಗೆ ಅವರಿಗೂ "ಬನ್ನಿ, ಕೂತ್ಕೊಳ್ಳಿ" ಎಂದೆ. ಅವರು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಇನ್ನೊಂದು ಸಲ ಹೇಳಿದ ಮೇಲೆ ಕೂತರು. ಅದೂ ಅಂಚಿನಲ್ಲಿ, ಎಡತೊಡೆಯ ಮೇಲೆ ಭಾರ ಬಿಟ್ಟು, ಒಂದು ಕೈ ಮೇಜಿಗೆ ಊರಿ. ಐದು ನಿಮಿಷಕ್ಕೆ ಬಲತೊಡೆಗೆ ಬದಲಾದರು. ಆ ದಿನದ ನನ್ನ ಟಿಪ್ಪಣಿಯಲ್ಲಿ "ಚಡಪಡಿಕೆ ಇದೆ" ಎಂದು ಬರೆದಿದ್ದೇನೆ. ಬಾಲದ ಮೂಳೆಯ ಆಪರೇಷನ್ ಆಗಿ ಏಳು ವಾರವಾಗಿದೆ ಎಂದು ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಚೀಟಿ ನನ್ನ ಮುಂದೆಯೇ ಇತ್ತು. ಆದರೂ ಮುಕ್ಕಾಲು ಗಂಟೆ ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿದೆ. ಆಪ್ತಸಮಾಲೋಚಕಿಯಾಗಿ ಇಪ್ಪತ್ತು ವರ್ಷದ ಅನುಭವ ಅಂತ ಹೇಳಿಕೊಳ್ಳುವವಳು ನಾನು!

ಅವರನ್ನು ಶಾರದಾ ಎಂದು ಕರೆಯೋಣ. ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ವಯಸ್ಸು 41. ಮಲೆನಾಡಿನ ಒಂದು ಊರಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್. ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ಮತ್ತು ಪಿಯುಸಿ ಓದುವ ಮಗಳು. ಚೀಟಿಯಲ್ಲಿ ಇದ್ದದ್ದು ಇಷ್ಟು: ನಿದ್ದೆ ಇಲ್ಲ, ಅಳುತ್ತಾರೆ, ವ್ಯಾಯಾಮ ನಿಲ್ಲಿಸಿದ್ದಾರೆ.

ನಾಲ್ಕು ವರ್ಷದ ಹಿಂದೆ, ಮಳೆಗಾಲದಲ್ಲಿ, ಹಿತ್ತಿಲಿನ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಕೂತ ಹಾಗೆ ಬಿದ್ದಿದ್ದರು. ಎರಡು ವಾರ ನೋವು, ಆಮೇಲೆ ಸ್ವಲ್ಪ ಕಡಿಮೆ, ಆಮೇಲೆ ಮತ್ತೆ ಜಾಸ್ತಿ. ಕೂತರೆ ಚುಚ್ಚುತ್ತದೆ. ಕೂತಲ್ಲಿಂದ ಏಳುವಾಗ ಜೀವ ಹೋದ ಹಾಗೆ. ಯಾರು ಕೇಳಿದರೂ "ಸೊಂಟ ನೋವು" ಎನ್ನುತ್ತಿದ್ದರು. ಗಂಡನಿಗೂ ಹಾಗೇ, ಡಾಕ್ಟರಿಗೂ ಹಾಗೇ. ನೋವಿರುವ ಜಾಗದ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ, ಅಲ್ವಾ? ಬೆನ್ನಿನ ತುತ್ತತುದಿ, ಕುಂಡಿಯ ಸಂದಿ. ಹೀಗಾಗಿ ಸೊಂಟಕ್ಕೇ ಎಕ್ಸ್‌ರೇ, ಸೊಂಟಕ್ಕೇ ಬೆಲ್ಟು, ಸೊಂಟಕ್ಕೇ ಎಣ್ಣೆ ತಿಕ್ಕುವುದು ನಡೆಯಿತು. ಎರಡು ವರ್ಷ ಹೋಯಿತು.

ಕೊನೆಗೆ ದೊಡ್ಡ ಊರಿನ ಮೂಳೆ ಡಾಕ್ಟರೊಬ್ಬರು "ಬೆರಳಿಟ್ಟು ತೋರಿಸಿ" ಎಂದರಂತೆ. ನಿಂತಾಗ ಒಂದು, ಕೂತಾಗ ಒಂದು ಎಕ್ಸ್‌ರೇ ತೆಗೆಸಿದರು. ಮೂರರಿಂದ ಐದು ಪುಟ್ಟ ತುಣುಕುಗಳು ಸೇರಿ ಆದ ಮೂಳೆ ಅದು. ನಿಂತಾಗ ತೆಗೆದ ಚಿತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೂತಾಗ ತೆಗೆದದ್ದರಲ್ಲಿ ಒಂದು ತುಣುಕು ಜಾಗ ಬಿಟ್ಟು ಹಿಂದಕ್ಕೆ ಸರಿದಿತ್ತು. "ಆ ಫಿಲ್ಮ್ ನೋಡಿ ಅತ್ತುಬಿಟ್ಟೆ ಮೇಡಂ. ನಾನು ನಾಟಕ ಮಾಡ್ತಿರಲಿಲ್ಲ ಅಂತ ನನಗೇ ಆಗ ಗೊತ್ತಾಯ್ತು" ಎಂದರು.

ಈ ನೋವು ಬಂದ ಬಹುಪಾಲು ಜನರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ದಿಂಬು, ಮಾತ್ರೆ, ಫಿಸಿಯೋಥೆರಪಿ, ಬೇಕಾದರೆ ಇಂಜೆಕ್ಷನ್, ಇಷ್ಟರಲ್ಲೇ ತಹಬಂದಿಗೆ ಬರುತ್ತದೆ. ಶಾರದಾ ಅವರಿಗೆ ಇಂಜೆಕ್ಷನ್ ಎರಡು ಸಲ ಆಯಿತು. ಪ್ರತಿ ಸಲವೂ ಎರಡು ತಿಂಗಳು ಆರಾಮ, ಆಮೇಲೆ ಯಥಾಪ್ರಕಾರ. ಆಮೇಲೆ ಮೂಳೆ ತೆಗೆಸಿದರು.

ನನ್ನ ಹತ್ತಿರ ಬಂದಾಗ ಅವರ ದೊಡ್ಡ ದುಃಖ ನೋವಿನದ್ದಲ್ಲ, ಲೆಕ್ಕ ತಪ್ಪಿದ್ದರದ್ದು. ಹೊಲಿಗೆ ಬಿಚ್ಚಿದ ಮೇಲೆ ಸರಿಹೋಗುತ್ತದೆ ಎಂದುಕೊಂಡಿದ್ದರು. ಮನೆಯವರೂ ಹಾಗೇ ಎಂದುಕೊಂಡಿದ್ದರು. ಈ ಆಪರೇಷನ್ನಿನ ನಂತರ ನೆಟ್ಟಗೆ ಕೂರಲು ತಿಂಗಳುಗಳೇ ಬೇಕು, ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ. ಇದನ್ನು ಅವರಿಗೆ ಯಾರೋ ಹೇಳಿದ್ದಿರಬೇಕು. ಆದರೆ ಆಪರೇಷನ್ ಹಿಂದಿನ ದಿನ ಹೇಳಿದ ಮಾತು ಯಾರ ತಲೆಗೆ ಹೋಗುತ್ತದೆ? "ದುಡ್ಡೂ ಹೋಯ್ತು, ಮೂಳೆನೂ ಹೋಯ್ತು, ನೋವು ಮಾತ್ರ ಉಳೀತು. ಒಂದೊಂದು ಸಲ ಸಾಯೋದೇ ಮೇಲು ಅನ್ಸತ್ತೆ."

ಇಂಥ ಮಾತನ್ನು ನಾನು ದಾಟಿ ಹೋಗುವುದಿಲ್ಲ. ನೇರವಾಗಿ ಕೇಳಿದೆ: ಸಾಯಬೇಕು ಅಂತ ಯೋಚನೆ ಬರುತ್ತಾ? ಹೇಗೆ ಅಂತಲೂ ಯೋಚಿಸಿದ್ದೀರಾ? ಇಲ್ಲ, ಸಾಕಾಗಿದೆ ಅಷ್ಟೇ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡಬಹುದು ಎಂದು ಹೇಳಿದೆ.

ಆಗಲೇ ಇನ್ನೊಂದು ವಿಷಯ ಹೊರಬಿತ್ತು. ನೋವಿಗೆಂದು ರಾತ್ರಿ ತೆಗೆದುಕೊಳ್ಳಲು ಡಾಕ್ಟರ್ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು. ಮೆಡಿಕಲ್ ಶಾಪಿನ ಹುಡುಗ "ಇದು ಡಿಪ್ರೆಷನ್ ಮಾತ್ರೆ ಅಕ್ಕಾ" ಎಂದನಂತೆ. ಇವರು ನಾಲ್ಕೇ ದಿನಕ್ಕೆ ಬಿಟ್ಟಿದ್ದರು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಹಳೇ ನೋವಿಗೂ ಕೊಡುತ್ತಾರೆ. ಮಾತ್ರೆ ಬಗ್ಗೆ ತೀರ್ಮಾನ ನನ್ನದಲ್ಲ. ವಾಪಸ್ ಡಾಕ್ಟರ ಹತ್ತಿರ ಹೋಗಿ, ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ ಎಂದೆ.

ಎರಡನೇ ಭೇಟಿಗೆ ನಾನೂ ನಿಂತೇ ಮಾತಾಡಿದೆ. ಕಿಟಕಿಯ ಕಟ್ಟೆಗೆ ಇಬ್ಬರೂ ಮೊಣಕೈ ಊರಿ. ಅವತ್ತು ಅವರ ಮಾತು ಸರಾಗವಾಗಿ ಬಂತು.

ನಾವು ಹಿಡಿದ ಮುಖ್ಯ ಕೆಲಸ ನಿಮಿಷದ ಲೆಕ್ಕ. ಶಾರದಾ ಅವರದ್ದು ಒಳ್ಳೆ ದಿನ, ಕೆಟ್ಟ ದಿನದ ಬದುಕು. ನೋವು ಕಡಿಮೆ ಇದ್ದ ದಿನ ಬಾಕಿ ಇದ್ದದ್ದನ್ನೆಲ್ಲ ಒಟ್ಟಿಗೆ ಮಾಡುವುದು, ಮಾರನೇ ದಿನ ಮಲಗುವುದು. ಆಪರೇಷನ್ ಆಗಿ ಐದನೇ ವಾರಕ್ಕೆ ನಾದಿನಿಯ ಮನೆ ಗೃಹಪ್ರವೇಶದಲ್ಲಿ ಮೂರು ಗಂಟೆ ಚಾಪೆ ಮೇಲೆ ಕೂತಿದ್ದರು. ನಾಲ್ಕು ದಿನ ಏಳಲಾಗಲಿಲ್ಲ. ವ್ಯಾಯಾಮ ಬಿಟ್ಟದ್ದೂ ಆಗಲೇ. ನೋವು ಶುರುವಾಗುವ ತನಕ ಎಷ್ಟು ಹೊತ್ತು ಕೂರುತ್ತೀರಿ ಎಂದು ಮೂರು ದಿನ ಫೋನ್ ಟೈಮರ್ ಇಟ್ಟು ನೋಡಿದೆವು. ಎಂಟು ನಿಮಿಷ. ಹಾಗಾದರೆ ಆರಕ್ಕೇ ಏಳಬೇಕು, ಚೆನ್ನಾಗಿದ್ದರೂ ಏಳಬೇಕು. ಈ "ಚೆನ್ನಾಗಿದ್ದರೂ" ಎನ್ನುವುದನ್ನು ಒಪ್ಪಿಸಲು ಎರಡು ಭೇಟಿ ಹಿಡಿಯಿತು. ವಾರಕ್ಕೊಮ್ಮೆ ಒಂದೋ ಎರಡೋ ನಿಮಿಷ ಜಾಸ್ತಿ ಮಾಡುವುದು, ಫಿಸಿಯೋಥೆರಪಿಸ್ಟ್ ಒಪ್ಪಿದರೆ ಮಾತ್ರ.

ಜೊತೆಗೆ ದಿಂಬು ಬದಲಾಯಿತು. ಅವರ ಹತ್ತಿರ ಇದ್ದದ್ದು ಉದ್ದಿನವಡೆ ಹಾಗೆ ನಡುವೆ ತೂತಿರುವುದು. ಅದರಲ್ಲಿ ಬಾಲದ ಮೂಳೆಯ ಜಾಗದ ಮೇಲೆ ಒತ್ತಡ ಬೀಳುವುದು ತಪ್ಪುವುದಿಲ್ಲ. ಹಿಂದುಗಡೆ ಕತ್ತರಿಸಿ ಬಿಟ್ಟಿರುವ, ಇಳಿಜಾರಿನ ದಿಂಬನ್ನು ಫಿಸಿಯೋಥೆರಪಿಸ್ಟ್ ಹೇಳಿದರು. ಹಿಂದಕ್ಕೆ ಒರಗದೆ ಸ್ವಲ್ಪ ಮುಂದಕ್ಕೆ ಬಾಗಿ ಕೂರುವುದನ್ನೂ ಕಲಿಸಿದರು.

ಸಂಡಾಸಿನ ವಿಷಯ ಬಂದದ್ದು ಮೂರನೇ ಭೇಟಿಯಲ್ಲಿ, ನಾನೇ ಕೇಳಿದ ಮೇಲೆ. ಮುಕ್ಕಿದರೆ ಗಾಯ ಬಿಚ್ಚಿಕೊಳ್ಳುತ್ತದೆ ಎಂಬ ಭಯ. ಅದಕ್ಕೆ ಊಟವನ್ನೇ ಅರ್ಧ ಮಾಡಿದ್ದರು. ನೀರೂ ಕಡಿಮೆ. ಅದರಿಂದ ಮಲ ಇನ್ನಷ್ಟು ಗಟ್ಟಿ. ಗಾಯ ಗುದದ್ವಾರದ ಪಕ್ಕದಲ್ಲೇ ಇರುವುದರಿಂದ ಸೋಂಕಿನ ಅಪಾಯ ಈ ಆಪರೇಷನ್ನಿಗೆ ಇದ್ದದ್ದೇ, ಹಾಗಾಗಿ ಭಯ ಪೂರ್ತಿ ಸುಳ್ಳೂ ಅಲ್ಲ. ಮಲ ಮೆತ್ತಗಾಗುವ ಔಷಧಿಯನ್ನು ಡಾಕ್ಟರಿಂದ ಬರೆಸಿಕೊಳ್ಳಿ, ಸೊಪ್ಪು, ಪರಂಗಿಹಣ್ಣು, ನೀರು ಬಿಡಬೇಡಿ ಎಂದೆ. ಜ್ವರ, ಕೀವು, ಗಾಯ ಬಿಚ್ಚುವುದು, ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ನನಗೆ ಫೋನ್ ಮಾಡಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಇವು ಇಲ್ಲದ ಬರೀ ನೋವು ಎಂದರೆ ಒಳಗೆ ಏನೋ ಮುರಿಯುತ್ತಿದೆ ಎಂದು ಅರ್ಥವಲ್ಲ. ನಾಲ್ಕು ವರ್ಷ ಎಚ್ಚರವಾಗಿಯೇ ಇದ್ದ ನರಗಳು, ಮೂಳೆ ತೆಗೆದ ದಿನವೇ ಮಲಗಿಬಿಡುವುದಿಲ್ಲ.

ಗಂಡ ಒಂದು ಸಲ ಬಂದರು. ಹೆಂಡತಿ ದೂರ ಮಲಗುವುದು ತನ್ನ ಮೇಲಿನ ಬೇಸರಕ್ಕೆ ಎಂದುಕೊಂಡಿದ್ದರಂತೆ, ಎರಡು ವರ್ಷದಿಂದ. ಆ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಇಬ್ಬರೂ ಪಾಪ, ಬೇಗ ಮುಗಿದರೆ ಸಾಕು ಎನ್ನುವ ಹಾಗಿದ್ದರು.

ಅತ್ತೆಯವರದ್ದೇ ಬೇರೆ. ಕರೆಸಿದ್ದು ನಾನೇ. ಬಂದವರೇ, "ಏನಮ್ಮಾ, ಕೂರೋದೂ ಒಂದು ಕಷ್ಟವಾ? ನಾವು ಹೆತ್ತು ತಿಂಗಳಿಗೇ ಗದ್ದೆಗಿಳಿದವ್ರು" ಎಂದರು. ಶಾರದಾ ಗೋಡೆ ನೋಡುತ್ತಿದ್ದರು. ನಾನು ಎಕ್ಸ್‌ರೇ ಫಿಲ್ಮ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಸರಿದ ತುಣುಕನ್ನು ತೋರಿಸಿದೆ. ಬಿದ್ದರೆ ಹೀಗಾಗುತ್ತದೆ, ಕೆಲವರಿಗೆ ಹೆರಿಗೆಯಲ್ಲೂ ಆಗುತ್ತದೆ, ಹೆಂಗಸರಲ್ಲಿ ಈ ನೋವು ಜಾಸ್ತಿ ಎಂದೆ. ಅಜ್ಜಿ ಫಿಲ್ಮ್ ಇಸ್ಕೊಂಡು ತುಂಬ ಹೊತ್ತು ನೋಡಿದರು. "ದೊಡ್ಡೋನು ಹುಟ್ಟಿದಾಗ ನಂಗೂ ಒಂದು ವರ್ಷ ಹಿಂಗೇ ಇತ್ತು. ಮಣೆ ಮೇಲೆ ಕೂತ್ಕೊಳ್ಳಕ್ಕಾಗ್ತಿರಲಿಲ್ಲ. ಯಾರಿಗೆ ಹೇಳದು?" ಎಂದರು. ಸೊಸೆಯ ಕಡೆ ನೋಡಲಿಲ್ಲ. ಆದರೆ ಮನೆಗೆ ಬಂದ ನೆಂಟರಿಗೆ "ಅವಳು ನಿಂತೇ ಇರ್ಲಿ ಬಿಡಿ, ಆಪರೇಷನ್ ಆಗಿದೆ" ಎಂದು ಈಗ ಮೊದಲು ಹೇಳುವವರು ಅವರೇ ಅಂತೆ.

ನಮ್ಮಲ್ಲಿ ಕೂರುವುದೆಂದರೆ ಬರೀ ಕೂರುವುದಲ್ಲ. ಕೂತ್ಕೊಳ್ಳಿ ಎಂದಾಗ ಕೂರದಿದ್ದರೆ ಕೋಪ ಎಂದು ಅರ್ಥ, ಪಂಕ್ತಿಯಲ್ಲಿ ಕೂರದಿದ್ದರೆ ಕೊಬ್ಬು ಎಂದು ಅರ್ಥ. ಅದಕ್ಕೆ ನಾಲ್ಕೈದು ಭೇಟಿಗಳಲ್ಲಿ ನಾವು ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದೆವು: "ಬಾಲದ ಮೂಳೆ ಆಪರೇಷನ್ ಆಗಿದೆ, ನಿಂತ್ಕೊಂಡೇ ಊಟ ಮಾಡ್ತೀನಿ." ಮೊದಲ ಸಲ ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ಈಗ ಆರನೇ ತಿಂಗಳು. ಕೂರುವುದು ಇಪ್ಪತ್ತೈದು ನಿಮಿಷಕ್ಕೆ ಬಂದಿದೆ. ನಿದ್ದೆ ಪರವಾಗಿಲ್ಲ, ಮಂಡಿಗಳ ನಡುವೆ ದಿಂಬು ಇಟ್ಟು ಪಕ್ಕಕ್ಕೆ ಮಲಗುತ್ತಾರೆ. ಬಸ್ಸು ಇನ್ನೂ ಕಷ್ಟ, ಹಂಪ್ ಬಂದಾಗ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದುಬಿಡುತ್ತಾರೆ. ಕ್ಯಾಷ್ ಕೌಂಟರಿಗೆ ಎತ್ತರದ ಮೇಜು ಕೊಡಿ ಎಂದು ಡಾಕ್ಟರ ಪತ್ರ ಸೇರಿಸಿ ಎರಡು ಅರ್ಜಿ ಬರೆದಿದ್ದೇವೆ. ಮುಂದಿನ ಮೀಟಿಂಗಿನಲ್ಲಿ ಇಡುತ್ತಾರಂತೆ. ಅಲ್ಲಿಯವರೆಗೆ ಎರಡು ಟೊಮ್ಯಾಟೊ ಕ್ರೇಟುಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಲೆಡ್ಜರ್ ಇಟ್ಟುಕೊಂಡು, ನಿಂತೇ ಬರೆಯುತ್ತಾರೆ.